ಕೃಷ್ಣಸಾಮಿಯ ಕಡಲ್ಗಳ್ಳರು

ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನಲ್ಲಿ ಹೆಂಡತಿಯ ಸೋದರಮಾವನ ಹದಿನಾರನೇ ದಿನದ ಕರ್ಮ. ಅಲ್ಲಿ ಪ್ರಭಾಕರನ್‌ಗೆ ಒಪ್ಪಿಸಿದ್ದು ಒಂದೇ ಒಂದು ಜವಾಬ್ದಾರಿ. ಶಾಮಿಯಾನದ ಮೂಲೆಯ ಸ್ಪೀಕರಿಗೆ ತನ್ನ ಫೋನು ಜೋಡಿಸಿ, ಸಣ್ಣ ದನಿಯಲ್ಲಿ ದೇವರ ಹಾಡು ಹಾಕುವುದು. ಪೋತ್ತನೂರು ಸ್ಟೇಷನ್ ಎದುರು ಜೆರಾಕ್ಸ್ ಅಂಗಡಿ ಇಟ್ಟವನಿಗೆ ಇಷ್ಟಾದರೂ ಯಂತ್ರಜ್ಞಾನ ಇರಬಹುದೆಂದು ನೆಂಟರು ನಂಬಿದ್ದರು. ಹಾಡು ಮುಗಿಯಿತು. ಗೆಳೆಯ ಕೃಷ್ಣಸಾಮಿಯಿಂದ ಒಂದು ವಾಯ್ಸ್ ಮೆಸೇಜ್ ಬಂದಿತ್ತು. ಯಾರಿಗೂ ತಿಳಿಯದ ಹಾಗೆ ಕೇಳೋಣವೆಂದು ಪ್ರಭಾಕರನ್ ಫೋನನ್ನು ಕಿವಿಗೆ ಒತ್ತಿಕೊಂಡು ಬೆರಳು ಒತ್ತಿದ. ಕಿವಿಯಲ್ಲಿ ಏನೂ ಕೇಳಲಿಲ್ಲ. ಮಿಕ್ಕವರಿಗೆಲ್ಲ ಕೇಳಿತು.

ಮುದುಕ ಸತ್ತ
ಪೆಟ್ಟಿ ಬೀಗದ್ಕೈ ಎಲ್ಲಿ?
ಅಳ್ತಾ ಹುಡುಕಿ.

ಬಂದವರು ಬರೀ ತಮಿಳರಾಗಿದ್ದರೆ ಬಚಾವಾಗಬಹುದಿತ್ತು. ಅಲ್ಲಿ ಕೂತವರೆಲ್ಲ ಮನೆಯೊಳಗೆ ಕನ್ನಡ ಆಡುವವರೇ. ಬೀರುವಿನ ಬೀಗದ ಕೈಗಾಗಿ ಆಸ್ಪತ್ರೆಯ ವರಾಂಡದಲ್ಲೇ ಜಗಳ ಶುರು ಮಾಡಿದ್ದ ಸತ್ತವರ ಇಬ್ಬರು ಗಂಡುಮಕ್ಕಳು ಮೊದಲು ಒಬ್ಬರನ್ನೊಬ್ಬರು ನೋಡಿಕೊಂಡರು, ಆಮೇಲೆ ಪ್ರಭಾಕರನ್‌ನನ್ನು. ಅವನ ಹೆಂಡತಿ ಮಾತ್ರ ನೋಡಲೇ ಇಲ್ಲ. ಅದು ಇನ್ನೂ ಕೆಟ್ಟದ್ದು.

ನಡುವೆ ಕೂತಿದ್ದ ಜಾನಮ್ಮ, ಗಂಡನನ್ನು ಕಳೆದುಕೊಂಡಾಕೆ, ಕೈಸನ್ನೆ ಮಾಡಿ ಕರೆದರು.

"ಯಾರಪ್ಪಾ ಅದು ಹೇಳಿದ್ದು?"

"ನನ್ ಫ್ರೆಂಡು ಅತ್ತೆ, ಸೋಮನೂರು ಕೃಷ್ಣಸಾಮಿ. ಅದು... ಕಡಲ್ಗಳ್ಳರ ಹೈಕು. ತಮಾಷೆಗೆ. ಮನ್ನಿಸ್‌ಬೇಕು."

"ಅದೇನಾರ ಆಗ್ಲಿ. ಆ ಮನುಷ್ಯನ ಗಂಟ್ಲು ಸರಿಯಿಲ್ಲ. ನಮ್ಮೋರಿಗೂ ಹಿಂಗೇ ಒಡಕು ದನಿಲಿ ಶುರುವಾಯ್ತು. ನಾಳೇನೇ ಡಾಕ್ಟ್ರತ್ರ ಕರ್ಕೊಂಡ್ ಹೋಗು."

ಪ್ರಭಾಕರನ್‌ಗೆ ತಾನು ಹಾಸ್ಯಗಾರನೆಂಬ ನಂಬಿಕೆ ಇತ್ತು. ಆ ನಂಬಿಕೆಗೆ ಅವನನ್ನು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ. ನಿಜವಾದ ಹಾಸ್ಯಗಾರ ಕೃಷ್ಣಸಾಮಿ. ಅವನಿಗೆ ಆ ವಿಷಯ ಗೊತ್ತಿರಲಿಲ್ಲ, ಗೊತ್ತಾದರೂ ಅದರಿಂದ ಏನೂ ಮಾಡಿಕೊಳ್ಳುತ್ತಿರಲಿಲ್ಲ.

ಇಬ್ಬರೂ, ಜೊತೆಗೆ ಮಡತ್ತುಕುಳದ ತಿರುಮೂರ್ತಿಯೂ, ಕೊಯಮತ್ತೂರಿನ ಪಾಲಿಟೆಕ್ನಿಕ್ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ವಾರ್ಡನನ್ನು ಅವನೆದುರಿಗೇ ಬೈಯಲು ಒಂದು ಭಾಷೆ ಇದೆಯಲ್ಲ ಎಂಬ ಸಂತೋಷವೇ ಸ್ನೇಹಕ್ಕೆ ಬುನಾದಿ. ಮೂವರಿಗೂ ಕನ್ನಡ ಬಾಯಲ್ಲಿ ಮಾತ್ರ. ಅಕ್ಷರ ಯಾರಿಗೂ ಬಾರದು, ಓದುಬರಹವೆಲ್ಲ ತಮಿಳಲ್ಲೇ. ಆಮೇಲೆ ತಿರುಮೂರ್ತಿ ಅಪ್ಪನ ಹೊಲ ಬಿಟ್ಟು ತೆಂಗಿನಕಾಯಿ ವ್ಯಾಪಾರಕ್ಕಿಳಿದ. ಪ್ರಭಾಕರನ್ ಊರವರ ಆಧಾರ್ ಕಾರ್ಡುಗಳ ನಕಲು ತೆಗೆಯುತ್ತ ಹೊಟ್ಟೆ ಬೆಳೆಸಿದ. ಕೃಷ್ಣಸಾಮಿ ಸೋಮನೂರಿಗೆ ಮರಳಿ, ಮನೆಗೆ ಅಂಟಿಕೊಂಡ ಷೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ಹಾಕಿದ. ಮನೆಯಲ್ಲಿ ಅವನು, ಹೆಂಡತಿ ರಾಮಾಯಿ, ಮಗಳು ಕೃತ್ತಿಕಾ. ಆ ಮಗ್ಗಗಳ ಅಬ್ಬರದ ಮೇಲೆ ಕೇಳಿಸುತ್ತಿದ್ದುದು ಇಡೀ ಬೀದಿಯಲ್ಲಿ ಅವನೊಬ್ಬನ ದನಿ. "ನೂಲೂ!" ಎಂದು ಅವನು ಕೂಗಿದರೆ ಪಕ್ಕದ ಮೂರು ಷೆಡ್ಡಿನವರೂ ನೂಲು ಹಿಡಿದು ಓಡಿಬರುತ್ತಿದ್ದರಂತೆ.

ಕಡಲ್ಗಳ್ಳರು ಬಂದದ್ದು ಅವನ ಕಣ್ಣಿನ ಪೊರೆ ತೆಗೆಸಿದಾಗ. ಒಂದು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು, ಮೂರು ದಿನದ ಗಡ್ಡದಲ್ಲಿ ಆಸ್ಪತ್ರೆಯ ಮಂಚದ ಮೇಲೆ ಕೂತ ಅಪ್ಪನ ಫೋಟೋವನ್ನು ಕೃತ್ತಿಕಾ ಗೆಳೆಯರ ಗುಂಪಿಗೆ ಹಾಕಿದಳು. "ಇದ್ಯಾವ ಹಡಗಿನ ಕಳ್ಳ ಡಾ?" ಎಂದು ತಿರುಮೂರ್ತಿ ಕೇಳಿದ. ಅವಳೇ ಅಪ್ಪನಿಗೆ ಹೈಕುವಿನ ಲೆಕ್ಕ ಹೇಳಿಕೊಟ್ಟಳು. ಐದು, ಏಳು, ಐದು. ಸಂಜೆಯೊಳಗೆ ಉತ್ತರ ಬಂತು.

ಒಂದೇ ಕಣ್ಣಾಯ್ತು
ಕಡಲ್ಗಳ್ಳನ ಕೆಲ್ಸ
ಖಾಲಿ ಇದೆಯಾ?

ಬರೆಯಲು ಅಕ್ಷರವಿಲ್ಲದ ಭಾಷೆ. ಹಾಗಾಗಿ ಎಲ್ಲವೂ ವಾಯ್ಸ್ ಮೆಸೇಜು. ಬಸ್ಸಿನಲ್ಲಿ, ಸಂತೆಯಲ್ಲಿ, ತೆಂಗಿನಕಾಯಿ ರಾಶಿಯ ಮೇಲೆ ಕೂತು ಮೂವರು ನಡುವಯಸ್ಸಿನ ಗಂಡಸರು ಬೆರಳು ಮಡಚಿ ಎಣಿಸತೊಡಗಿದರು. ಕಡಲೇ ಇಲ್ಲದ ಸೀಮೆಯಾದ್ದರಿಂದ ಅವರ ಕಡಲ್ಗಳ್ಳರೂ ಪಾಪ, ಕೆಲಸವಿಲ್ಲದೆ ಅಲೆಯುವವರು. ತಿರುಮೂರ್ತಿಯ ಕಳ್ಳ ಹೀಗಿದ್ದ:

ತೆಂಗಿನ ಮರ
ಹತ್ತಿ ಕಡಲು ನೋಡ್ದ
ಬರೀ ಪಾಲ್ಘಾಟು.

ಕೃಷ್ಣಸಾಮಿಯ ಕಳ್ಳ, ಬಣ್ಣದ ಕಾರ್ಖಾನೆಗಳ ನೀರು ಸೇರುವ ನೊಯ್ಯಲ್ ಹೊಳೆಯಲ್ಲಿ ತಿರುಪ್ಪೂರಿನವರೆಗೂ ಹೋಗಿಬಂದ:

ನೊಯ್ಯಲಿನಲ್ಲಿ
ಹಡಗು ಕೆಂಪಾಯ್ತಲ್ಲ
ರಕ್ತವಲ್ಲ, ಡೈ.

ಪ್ರಭಾಕರನ್‌ನೂ ಕಳಿಸುತ್ತಿದ್ದ. ದಿನಕ್ಕೆರಡು. ಅವನದಕ್ಕೆ ಯಾರೂ ನಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೃಷ್ಣಸಾಮಿ ಒಂದು ಮಾತು ಕಳಿಸುತ್ತಿದ್ದ: "ಎಣಿಕೆ ಸರಿ ಐತೆ." ಅದಕ್ಕಿಂತ ಕಟುವಾದ ವಿಮರ್ಶೆಯನ್ನು ಪ್ರಭಾಕರನ್ ಬದುಕಿನಲ್ಲಿ ಕೇಳಿರಲಿಲ್ಲ.

ಕೃಷ್ಣಸಾಮಿಯ ಗಂಟಲ ಬಗ್ಗೆ ಜಾನಮ್ಮ ಹೇಳಿದ್ದು ಸರಿಯಾಗಿತ್ತು. ಪರೀಕ್ಷೆ ಎಲ್ಲ ಮುಗಿಸಿ ಡಾಕ್ಟರು, ಗಂಟಲೊಳಗಿನ ಧ್ವನಿಯ ಗೂಡನ್ನೇ ಪೂರ್ತಿ ತೆಗೆಯಬೇಕು, ಕತ್ತಿನಲ್ಲಿ ಉಸಿರಿಗೊಂದು ತೂತು ಇಡುತ್ತೇವೆ, ಇನ್ನು ಮಾತು ಬರುವುದಿಲ್ಲ ಎಂದರು. ಕೃಷ್ಣಸಾಮಿ ತಲೆಯಾಡಿಸಿ ಹೆಂಡತಿಯ ಕಡೆ ತಿರುಗಿದ.

"ಹಂಗಾದ್ರೆ ಇನ್ಮೇಲೆ ಜಗಳ ಎಲ್ಲಾ ನೀನೇ ಗೆದ್ದಂಗೆ."

ರಾಮಾಯಿ ನಗಲಿಲ್ಲ. ಆಕೆಗೆ ತಮಿಳೂ ಓದಲು ಬಾರದು, ಕನ್ನಡವೂ ಓದಲು ಬಾರದು, ಯಾವ ಅಕ್ಷರವೂ ಬಾರದು. ಗಂಡ ನಾಳೆ ಸ್ಲೇಟು ಹಿಡಿದು ಬರೆದರೂ ಆಕೆಗೆ ಅದು ಗೀಚು ಮಾತ್ರ. ಅದು ಮೊದಲು ಹೊಳೆದದ್ದು ಕೃತ್ತಿಕಾಗೆ.

"ಮಾಮಾ," ಎಂದು ಅವಳು ಪ್ರಭಾಕರನ್‌ಗೆ ಫೋನು ಮಾಡಿದಳು. "ಅಪ್ಪನ ದನಿ ಅಂತ ನಮ್ಮತ್ರ ಇರೋದು ಆ ಕಳ್ಳರ ಪಾಟ್ಟು ಮಾತ್ರ. ಅಮ್ಮನಿಗೆ ಅಂತ ಏನಾದ್ರೂ ಮಾತಾಡಿ ಇಡ್ಲಿ. ನಾನ್ ಕೇಳಿದ್ರೆ ಓಡಿಹೋಗ್ತಾರೆ. ನೀವು ಬಂದು ಕೂರ್ಸಿ."

ಆಪರೇಷನ್ನಿನ ಹಿಂದಿನ ಭಾನುವಾರ ಪ್ರಭಾಕರನ್‌ನೂ ತಿರುಮೂರ್ತಿಯೂ ಸೋಮನೂರಿಗೆ ಹೋದರು. ಷೆಡ್ಡಿನಲ್ಲಿ ಮಗ್ಗ ನಿಲ್ಲಿಸಿ, ಕೃಷ್ಣಸಾಮಿಯನ್ನು ಮರದ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ಫೋನು ಇಟ್ಟರು. ರಾಮಾಯಿ ಒಳಗೆ ಅಡಿಗೆಮನೆಯಲ್ಲಿದ್ದಳು. ಷೆಡ್ಡಿಗೂ ಅಡಿಗೆಮನೆಗೂ ನಡುವೆ ಒಂದೇ ಗೋಡೆ.

"ರಾಮಾಯಿ..." ಎಂದ ಕೃಷ್ಣಸಾಮಿ. ಗಂಟಲು ಸರಿಮಾಡಿಕೊಂಡ. ಗೆಳೆಯರ ಮುಖ ನೋಡಿದ. ಕಿವಿ ಕೆಂಪಾಯಿತು.

"ಹೇಳ್ಡಾ. ಮುಂದೆ?" ಎಂದ ತಿರುಮೂರ್ತಿ.

"ಏನ್ ಹೇಳೋದು? ಮೂವತ್ ವರ್ಷದಲ್ಲಿ ಅವಳ ಹತ್ರ ನೂಲು ಅಂದಿದ್ದೀನಿ, ಸೋರು ಹಾಕು ಅಂದಿದ್ದೀನಿ, ಕರೆಂಟ್ ಹೋಯ್ತು ಅಂದಿದ್ದೀನಿ."

"ಅಂದ್ರೆ ಹೇಳದೇ ಇರೋದು ಎಷ್ಟೋ ಐತೆ. ಶುರು ಮಾಡು."

"ನೀವು ಹಿಂಗೆ ಬೆಕ್ಕು ಹಾಲು ಕಾದಂಗೆ ಕೂತಿದ್ರೆ ಬರಲ್ಲ. ಹೋಗಿ ಟೀ ಕುಡ್ದು ಬನ್ನಿ."

ಹೋದರು. ಬೀದಿಯ ತುದಿಯ ಟೀ ಅಂಗಡಿಯಲ್ಲಿ ಕೂತವರಿಗೆ ಸ್ವಲ್ಪ ಹೊತ್ತಿನಲ್ಲಿ ಮಗ್ಗಗಳ ಸದ್ದು ಕೇಳಿತು. ಒಂದಲ್ಲ, ನಾಲ್ಕೂ. "ಪಾರುಡಾ ಅವನ್ನ, ಈ ಹೊತ್ತಲ್ಲೂ ಕೆಲ್ಸಕ್ಕೆ ಕೂತ," ಎಂದು ತಿರುಮೂರ್ತಿ ಬೈದ. ಸಣ್ಣ ಗ್ಲಾಸಿನಲ್ಲಿ ಎರಡೆರಡು ಟೀ ಆಯಿತು. ಆಮೇಲೆ ಸದ್ದು ನಿಂತಿತು. ಕೃಷ್ಣಸಾಮಿ ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ. ಅತ್ತವನ ಹಾಗೆ ಕಾಣುತ್ತಿದ್ದ, ಹಾಗೆಯೇ ಹಗುರವಾಗಿಯೂ.

"ಆಯ್ತು. ಎಲ್ಲಾ ಹೇಳ್ಬಿಟ್ಟೆ. ಒಂದನ್ನೂ ಬಿಟ್ಟಿಲ್ಲ. ನಾನ್ ಆಸ್ಪತ್ರೆಗೆ ಹೋದ್ಮೇಲೆ ಅವಳಿಗೆ ಹಾಕಿ ಕೇಳ್ಸಿ."

ಆಪರೇಷನ್ ಆದ ಮರುದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ರಾಮಾಯಿಯನ್ನು ಕೂರಿಸಿ, ಕೃತ್ತಿಕಾ ಆ ರೆಕಾರ್ಡಿಂಗ್ ಹಾಕಿದಳು. ಪ್ರಭಾಕರನ್ ಪಕ್ಕದಲ್ಲೇ ನಿಂತಿದ್ದ. ಮಗ್ಗದ ಸದ್ದು ಬಂತು. ಈಗ ಮುಗಿಯುತ್ತೆ, ಈಗ ಮಾತು ಶುರುವಾಗುತ್ತೆ ಎಂದು ಮೂವರೂ ಕಾದರು. ಮಗ್ಗದ ಸದ್ದೇ ಬಂತು. ಆಗ ಪ್ರಭಾಕರನ್‌ಗೆ ಅರ್ಥವಾಯಿತು. ಗೋಡೆಯಾಚೆ ರಾಮಾಯಿಗೆ ಕೇಳಿಸೀತೆಂದು ನಾಚಿಕೊಂಡ ಆ ಮಹಾನುಭಾವ, ನಾಲ್ಕೂ ಮಗ್ಗ ಹಾಕಿ, ಅವುಗಳ ನಡುವೆ ನಿಂತು, ಹೆಂಡತಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನೊಳಗೇ ಮಾತಾಡಿ, ಕೇಳಿ ಬೆಳೆದವನು. ಅವನ ಕಿವಿಗೆ ಅದು ಸದ್ದೇ ಅಲ್ಲ. ಮಗ್ಗವನ್ನು ಮೀರುವ ಆ ಹಳೆಯ ದನಿ ಈಗ ತನಗಿಲ್ಲವೆಂಬುದೂ ಅವನಿಗೆ ಮರೆತಿತ್ತು. ಫೋನಿನ ಕಿವಿ ಸೋಮನೂರಿನದಲ್ಲವಲ್ಲ.

ಕೊನೆಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ಒಂದು ಕೆಮ್ಮು. ಆಮೇಲೆ ಸ್ಪಷ್ಟವಾಗಿ, ಒಡೆದ ದನಿಯಲ್ಲಿ ಒಂದೇ ಮಾತು:

"ಅಷ್ಟೇ."

ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವ ಕೃತ್ತಿಕಾ, ಅಲ್ಲಿಯವರನ್ನೆಲ್ಲ ಕೇಳಿ, ಗದ್ದಲ ತೆಗೆಯುವ ಒಂದು ಆ್ಯಪ್ ಹುಡುಕಿ ಅದನ್ನು ಹಾಕಿ ನೋಡಿದಳು. ಅದು ಅಪ್ಪನನ್ನೂ ಗದ್ದಲವೆಂದೇ ತಿಳಿದು ತೆಗೆದುಹಾಕಿತು.

ಮನೆಗೆ ಬಂದ ಕೃಷ್ಣಸಾಮಿಗೆ ಈ ಸಂಗತಿಯನ್ನು ಪ್ರಭಾಕರನ್‌ನೇ ಹೇಳಬೇಕಾಯಿತು. ಕೃಷ್ಣಸಾಮಿ ಸ್ಲೇಟಿನಲ್ಲಿ ತಮಿಳಲ್ಲಿ, "ನಾಲ್ಕೂ ಹಾಕಬಾರದಿತ್ತು, ಎರಡು ಸಾಕಿತ್ತು," ಎಂದು ಬರೆದ. ಬರೆದು ಗೋಡೆಯ ಕಡೆ ತಿರುಗಿ ಮಲಗಿದ.

ಗಂಟಲಿಗೆ ಒತ್ತಿಕೊಂಡು ಮಾತಾಡುವ ಮಿಷನ್ ಒಂದನ್ನು ಕೊಟ್ಟಿದ್ದರು. ಊದಿದ ಕತ್ತಿಗೆ ಅದನ್ನು ಒತ್ತಿ ಅವನು "ರಾಮಾಯಿ" ಎಂದಾಗ ಹಿಟ್ಟಿನ ಗಿರಣಿಯೊಳಗಿಂದ ಯಾರೋ ಕರೆದ ಹಾಗಾಯಿತು. ಆಕೆ ಸೆರಗು ಬಾಯಿಗಿಟ್ಟು ಎದ್ದುಹೋದಳು. ಮಿಷನ್ ಕಪಾಟು ಸೇರಿತು. ದಿನ ಕಳೆಯಲು ತೊಂದರೆಯಿರಲಿಲ್ಲ. ಷೆಡ್ಡಿನವರಿಗೆ ಕೈಸನ್ನೆ ಹೊಸದಲ್ಲ. ನೂಲು ಹೋಯ್ತು, ನೀರು, ಯಾರೋ ಬಂದ್ರು, ಕರೆಂಟಿಲ್ಲ, ಎಲ್ಲಕ್ಕೂ ಮೊದಲಿನಿಂದಲೇ ಸನ್ನೆ ಇತ್ತು. ನೋವಿಗೂ ಒಂದು ಸನ್ನೆ ಹುಟ್ಟಿಕೊಂಡಿತು. ಉಳಿದದ್ದಕ್ಕೆ ಹುಟ್ಟಲಿಲ್ಲ.

ಗುಂಪಿನಲ್ಲಿ ತಿರುಮೂರ್ತಿ ಹೈಕು ಕಳಿಸುವುದನ್ನು ನಿಲ್ಲಿಸಿದ. ಪ್ರತಿ ವಾರ ಎಳನೀರು ತಂದು, ಕೃಷ್ಣಸಾಮಿಯ ಮೂಗಿನ ಕೊಳವೆಗೆ ಅದನ್ನು ಹಾಕುವುದನ್ನು ನೋಡಲಾರದೆ ಹೊರಗೆ ಬಂದು ನಿಲ್ಲುತ್ತಿದ್ದ. "ನಂಗೆ ಬರ್ತಿಲ್ಲ ಡಾ, ಬೆರಳೇ ಮಡಚ್ತಿಲ್ಲ," ಎಂದ. ಪ್ರಭಾಕರನ್ ಮಾತ್ರ ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೋ ಎಂಬ ಹೆದರಿಕೆಯಿಂದ ದಿನಕ್ಕೆರಡು ಕಳ್ಳರನ್ನು ಕಡಲಿಗಿಳಿಸುತ್ತಿದ್ದ. ಕೃಷ್ಣಸಾಮಿಯಿಂದ ತಮಿಳು ಅಕ್ಷರದಲ್ಲಿ ಉತ್ತರ ಬರುತ್ತಿತ್ತು: "ಎಣಿಕೆ ಸರಿ."

ಚಿತ್ತಿರೈ ತಿಂಗಳಲ್ಲಿ ಕತ್ತಿನ ಎಡಗಡೆ ಮತ್ತೆ ಗಂಟು ಬಂತು. ಡಾಕ್ಟರು ಈ ಸಲ ಏನನ್ನೂ ತೆಗೆಯುವ ಮಾತಾಡಲಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ ಎಂದರು. ಹಾಗೆಂದರೆ ಏನೆಂದು ರಾಮಾಯಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಆಮೇಲಿನ ಭಾನುವಾರ ಪ್ರಭಾಕರನ್ ಹೋದಾಗ ಆಕೆ ಹೊರಜಗಲಿಯಲ್ಲಿ ಕೂತು, ಗಂಡನ ಫೋನಿನಲ್ಲಿ ಹಳೆಯ ಹೈಕುಗಳನ್ನು ಕೇಳುತ್ತಿದ್ದಳು. ಅಕ್ಷರ ಬಾರದಿದ್ದರೂ ಯಾವ ಗುಂಡಿ ಒತ್ತಬೇಕೆಂದು ಕೃತ್ತಿಕಾ ತೋರಿಸಿಕೊಟ್ಟಿದ್ದಳು.

"ಬನ್ನಿ ಅಣ್ಣಾ," ಎಂದಳು. ಫೋನು ಕೆಳಗಿಡಲಿಲ್ಲ. "ಒಂದ್ ಕೇಳ್ಲಾ? ಈ ಕಡಲ್ಗಳ್ಳ ಅಂದ್ರೆ ಯಾರು?"

"ಯಾರೂ ಅಲ್ಲಮ್ಮ. ಸುಮ್ನೆ ಆಟಕ್ಕೆ."

"ಅವನಿಗೆ ಹಸಿವಾಗಿದ್ದು ಹೇಳಿದಾರೆ, ಹಲ್ಲು ನೋವು ಬಂದಿದ್ದು ಹೇಳಿದಾರೆ, ಅವನ ಗಿಳಿಗೆ ಸೀತ ಆಗಿದ್ದೂ ಹೇಳಿದಾರೆ. ಎಲ್ಲಾ ಕೇಳಿದೆ ಅಣ್ಣಾ, ಎರಡೆರಡು ಸಲ. ಒಂದ್ರಲ್ಲೂ ನನ್ ಹೆಸ್ರಿಲ್ಲ."

ಪ್ರಭಾಕರನ್ ಚಪ್ಪಲಿ ಬಿಟ್ಟು ಜಗಲಿಯ ಅಂಚಿನಲ್ಲಿ ಕೂತ. ಹಾಸ್ಯಗಾರರಿಗೆ ಇಂಥ ಹೊತ್ತಿನಲ್ಲಿ ಒಂದು ಮಾತು ತೋಚುತ್ತದೆಂದು ಅವನು ಎಲ್ಲೋ ಓದಿದ್ದ.

"ಆ ಮಗ್ಗದೊಳಗೆ ಹೇಳಿದ್ರಲ್ಲ, ಅದ್ರಲ್ಲಿ ಇತ್ತೇನೋ," ಎಂದಳು ಆಕೆ. "ಅದನ್ನೂ ದಿನಾ ಕಿವಿಗಿಟ್ಕೊತೀನಿ. ನಂಗೆ ಮಗ್ಗ ಗೊತ್ತಾಗ್ತದೆ. ಅವರು ಗೊತ್ತಾಗಲ್ಲ."

ಅವನು ಅವಳ ಕೈಯಿಂದ ಫೋನು ತೆಗೆದುಕೊಂಡು ಒಳಗೆ ಹೋದ. ರಾಮಾಯಿ ಬಾಗಿಲಲ್ಲಿ ನಿಂತಳು. ಮಗ್ಗಗಳನ್ನು ಈಗ ಪಕ್ಕದವರು ಬಾಡಿಗೆಗೆ ಓಡಿಸುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಗಿ ಗೋಡೆಯಾಚೆಯ ಸದ್ದು ನಿಂತುಹೋಯಿತು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ ಕೃಷ್ಣಸಾಮಿ ಬಡಕಲಾಗಿದ್ದ, ಮೀಸೆ ಮಾತ್ರ ಹಿಂದಿನ ಅಳತೆಯದೇ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಅವನ ಕತ್ತಿನ ತೂತಿನಲ್ಲಿ ಗಾಳಿ ಹೋಗಿಬರುವುದು ಕೇಳುತ್ತಿತ್ತು.

ಪ್ರಭಾಕರನ್ ಸ್ಲೇಟನ್ನೂ ಫೋನನ್ನೂ ಅವನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತ.

"ಇದ್ರಲ್ಲಿ ಬರಿ, ಇಲ್ಲ ಅದ್ರಲ್ಲಿ ಬರಿ. ನಾನು ಓದಿ ಹೇಳ್ತೀನಿ. ನಾಚಿಕೆ ಆದ್ರೆ ಕೃತ್ತಿಕಾ ಓದ್ಲಿ. ಅವತ್ತು ರಾಮಾಯಿಗೆ ಏನ್ ಹೇಳ್ದೆ ಡಾ?"

ಕೃಷ್ಣಸಾಮಿ ಸ್ಲೇಟನ್ನು ನೋಡಿದ. ಗೆಳೆಯನ ಬಾಯಿಯನ್ನು ನೋಡಿದ. ಆ ಮಾತು ಅಲ್ಲಿಂದ ಹೊರಗೆ ಬಂದರೆ ಹೇಗಿದ್ದೀತೆಂದು ಅಳೆಯುವವನ ಹಾಗೆ ಬಹಳ ಹೊತ್ತು ನೋಡಿದ. ಆಮೇಲೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು. ಸ್ಲೇಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಫೋನು ಎತ್ತಿಕೊಂಡು, ಹೆಬ್ಬೆರಳಿನಿಂದ ಹಳೆಯ ಮೆಸೇಜುಗಳನ್ನು ಹಿಂದೆ ಹಿಂದೆ ಎಳೆಯುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಫೋನನ್ನು ಹೆಂಡತಿಯತ್ತ ಹಿಡಿದು ಒತ್ತಿದ.

ಮುದುಕ ಸತ್ತ
ಪೆಟ್ಟಿ ಬೀಗದ್ಕೈ ಎಲ್ಲಿ?
ಅಳ್ತಾ ಹುಡುಕಿ.