ಗಾಡಿ ಒಳಗೆ ಬರುವಂಥ ಖೋಲಿ

ಇಬ್ರಾಹಿಂಪುರದ ಮಲ್ಲಿಕಸಾಬ ಮೂರನೇ ಇಯತ್ತೆಗೆ ಸಾಲಿ ಬಿಟ್ಟು, ಕಲ್ಲು-ಗಾರೆ ಕೆಲಸ ಕಲಿತು ಗೌಂಡಿಯಾದವನು. ಅವನು ಕೂಡಿಸಿದ ಹೊಸ್ತಿಲು ದಾಟಿ ಹಾವೂ ಬರದು, ಹಳ್ಳದ ನೀರೂ ಬರದು ಎಂದು ಓಣಿಯೇ ಹೊಗಳುತ್ತಿತ್ತು; ಅವನ ಬೈಗುಳಕ್ಕೆ ಹೆದರುತ್ತಲೂ ಇತ್ತು. ಸ್ವಂತ ಮನೆಗಂತೂ ಮೊಣಕಾಲೆತ್ತರದ ಕರಿಕಲ್ಲು ಕೂಡಿಸಿಕೊಂಡಿದ್ದ. ಗೋಳಗುಮ್ಮಟ ನೋಡಲು ಬಂದವರಿಗೆ ಒಳಗಿನ ಖೋಲಿಯೊಂದನ್ನು ಬಾಡಿಗೆಗೆ ಕೊಡುತ್ತಿದ್ದ.

ಎಪ್ಪತ್ನಾಲ್ಕರ ದಸರೆಗೆ ಮುಂಚೆ ಬಬಲೇಶ್ವರದ ಧೂಳಪ್ಪನ ಕಾರ್ಡು ಬಂತು: "ಮನೆಯವಳು ಗುಮ್ಮಟ ನೋಡಬೇಕೆನ್ನುತ್ತಾಳೆ. ಎರಡು ದಿನ ಇರುತ್ತೇವೆ. ಗಾಡಿ ಒಳಗೆ ಬರುವಂತಿರಬೇಕು."

ಗಿರಾಕಿಯ ಮಾತು ತಪ್ಪಿಸುವ ಗಂಡಸಲ್ಲ ಮಲ್ಲಿಕಸಾಬ. ಅಂಗಳದ ಗೋಡೆ ಒಡೆದು ಎತ್ತಿನ ಗಾಡಿಗೆ ದಾರಿ ಮಾಡಿದ. ಗೂಟ ನೆಟ್ಟ, ಮೇವು ತಂದ.

ಬಂದದ್ದು ಮಾತ್ರ ಸೈಕಲ್ ಗಾಲಿ ಹಚ್ಚಿದ ಕಬ್ಬಿಣದ ಕುರ್ಚಿ. ಅದರಲ್ಲಿ ಧೂಳಪ್ಪನ ಹೆಂಡತಿ ತಾಯವ್ವ. ಸೊಂಟದ ಕೆಳಗೆ ಜೀವವಿರಲಿಲ್ಲ.

"ಎತ್ತು ಎಲ್ಲಿ ಬಿಟ್ಟು ಬಂದ್ರಿ?" ಎಂದ ಮಲ್ಲಿಕಸಾಬ.

"ಎತ್ತು ನಾನ ರೀ," ಎಂದು ಧೂಳಪ್ಪ ನಕ್ಕ. "ಇದ ಗಾಡಿ."

ಕುರ್ಚಿ ಹೊಸ್ತಿಲಿಗೆ ಬಂದು ನಿಂತಿತು. ನೆರೆಯ ಫಕ್ರುದ್ದೀನ ತೋಳೇರಿಸಿಕೊಂಡು ಓಡಿಬಂದ. "ಅದಕ್ಯಾಕ ಚಿಂತಿ? ನಾಕು ಮಂದಿ ಎತ್ತಿ ಒಳಗ ಇಡೂಣು!"

"ಮುಟ್ಟಬ್ಯಾಡ್ರಿ! ನಾ ಜ್ವಾಳದ ಚೀಲ ಅಲ್ಲ," ಎಂದಳು ತಾಯವ್ವ. ಓಣಿಯ ಹೆಂಗಸರು ಇಣುಕುತ್ತಿದ್ದರು. ಅವಳು ಸೆರಗನ್ನು ಮುಖಕ್ಕೆ ಎಳೆದುಕೊಂಡಳು. "ಒಂದು ಮನಿ ಹೊಗಾಕ ನಾಕು ಮಂದಿ ಬೇಕಂದ್ರ ಗುಮ್ಮಟ ನನಗ್ಯಾಕ? ನಡೀರಿ, ಬಸ್ಸು ಹಿಡಿಯೂಣು."

ಧೂಳಪ್ಪ ಎಷ್ಟು ಗೋಗರೆದರೂ ಕೇಳಲಿಲ್ಲ. ಗುಮ್ಮಟದ ಕಡೆಗೆ ತಿರುಗಿ ಸಹ ನೋಡದೆ ಹೋದಳು.

ಮರುದಿನವೇ ಮಲ್ಲಿಕಸಾಬ ಸುತ್ತಿಗೆ ಹಿಡಿದ. ಹೆಂಡತಿ ಜುಲೇಖಾ ಬಾಯಿ ಬಡಿದುಕೊಂಡಳು. "ತಲಿ ಕೆಟ್ಟೈತೇನ ನಿಮಗ? ಹಾವು ಬಂದ್ರ?"

"ಬರ್ಲಿ ಬಿಡ ಬೇ! ಹಾವು ತಡೀತೀನಂತ ಮನಷ್ಯಾರನ್ನ ತಡದ್ನಲ್ಲ!" ಎಂದು ಗದರಿದ.

ಹೊಸ್ತಿಲು ಹೋಯಿತು. ಅಲ್ಲಿ ಗಾಲಿ ಹತ್ತುವಂತೆ ಇಳಿಜಾರಾಗಿ ಉತಾರ ಕಟ್ಟಿ, ಇಟ್ಟಂಗಿ ತುಂಬಿದ ಕೈಗಾಡಿಯನ್ನು ತಾನೇ ತಳ್ಳಿ ನೋಡಿದ. ಕಡಿದಾಯಿತೆಂದು ಎರಡು ಸಲ ಕೆಡವಿ ಮತ್ತೆ ಕಟ್ಟಿದ. ಬಾಗಿಲನ್ನೂ ಅಗಲ ಮಾಡಿದ. ದೀಪಾವಳಿ ಮುಗಿದ ಮೇಲೆ ತಾನೇ ಬಬಲೇಶ್ವರಕ್ಕೆ ಹೋದ.

ತಾಯವ್ವ ಅಡುಗೆಮನೆಯ ನೆಲದ ಮೇಲೆ ಕೂತು ಕಾಳು ಆರಿಸುತ್ತಿದ್ದಳು. ಕುರ್ಚಿಯಿಂದ ಬಿಚ್ಚಿದ ಗಾಲಿಗಳು ಅಟ್ಟ ಸೇರಿದ್ದವು.

"ಈಗ ಯಾರೂ ಎತ್ತೂದು ಬ್ಯಾಡವ್ವಾ. ಉತಾರ ಹಿಂಗೈತಿ ನೋಡು," ಎಂದು ಅಂಗೈಯನ್ನು ಓರೆ ಹಿಡಿದು ತೋರಿಸಿದ.

ಅವಳು ಆ ಕೈಯನ್ನೇ ಬಹಳ ಹೊತ್ತು ನೋಡಿದಳು. "ಚಲೋ ಕಟ್ಟೀಯಪ್ಪಾ. ಯಾರರೆ ಬರ್ತಾರ. ಹೊರಗ ಹೋಗೂ ಮನಸ್ಸು ನನಗ ಒಮ್ಮಿ ಬಂದಿತ್ತು. ಇನ್ನ ಕರೀಬ್ಯಾಡ."

ಮತ್ತೆ ಕಾಳಿಗೆ ಬಗ್ಗಿದಳು.

ಬಸ್ಸಿನ ತನಕ ಧೂಳಪ್ಪ ಜೊತೆಗೆ ಬಂದ. "ಕಾರ್ಡಿನ್ಯಾಗ ಕಾಲಿನ ಮಾತು ಬರೀಬೇಕಿತ್ತು," ಎಂದ. "ಬರ್ಯಾಕ ಆಕಿ ಬಿಡಲಿಲ್ಲ. ಎಲ್ಲಾರಂಗ ಹೋಗೂಣು, ಅಂದ್ಲು."

ಊರನ್ನೆಲ್ಲ ಬೈಯುವ ಮಲ್ಲಿಕಸಾಬನಿಗೆ ಆವತ್ತು ಬೈಯಲು ಯಾರೂ ಸಿಗಲಿಲ್ಲ.