ಆರನೇ ಷರತ್ತು

ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಶಾಮಿಯಾನದ ಅಂಗಡಿ ನಡೆಸಿದವನು ನಾನು. ಚಪ್ಪರ, ಕುರ್ಚಿ, ಊಟದ ಟೇಬಲ್ಲು, ಅಡಿಗೆ ಪಾತ್ರೆ, ಜನರೇಟರ್ ಎಲ್ಲವನ್ನೂ ಬಾಡಿಗೆಗೆ ಕೊಡುತ್ತಿದ್ದೆ. ಈ ಕಡೆ ಹಿರೀಸಾವೆ, ನುಗ್ಗೇಹಳ್ಳಿ, ಆ ಕಡೆ ಹೊಳೆನರಸೀಪುರದವರೆಗೂ ನನ್ನ ಟೆಂಪೋ ಓಡಾಡುತ್ತಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ. ಮಾತು ಮಾತ್ರ ಹೆಚ್ಚು ಓದಿದವನ ಹಾಗೆ ಆಡುತ್ತಿದ್ದೆ. ಅಂಥ ಮಾತುಗಳಲ್ಲಿ ಒಂದನ್ನು ಕುರಿತು ಒಪ್ಪಿಕೊಳ್ಳಬೇಕಾಗಿದೆ.

ಮದುವೆಗೆ ಶಾಮಿಯಾನ ಕೇಳಲು ಬರುವವರು ನಾಲ್ಕು ಅಂಗಡಿ ಸುತ್ತಿ ಬಂದಿರುತ್ತಾರೆ. ಒಂದೊಂದು ಕುರ್ಚಿಗೂ ಜಗಳ. ತಿಥಿಗೆ ಬರುವವರು ಹಾಗಲ್ಲ. ಗಡ್ಡ ಬಿಟ್ಟುಕೊಂಡು, ಮುಖ ಬಾಡಿಸಿಕೊಂಡು ಬಂದು, ‘ನೀವೇ ನೋಡಿ ಮಾಡಿ’ ಎನ್ನುತ್ತಾರೆ. ಅವರಲ್ಲೂ ಯಾರಾದರೂ ರೇಟಿನ ಬಗ್ಗೆ ಬಾಯಿ ತೆರೆದರೆ ನನ್ನ ಹತ್ತಿರ ಒಂದು ಮಾತು ಸಿದ್ಧವಿರುತ್ತಿತ್ತು.

“ಸತ್ತೋರ ಕಾರ್ಯಕ್ಕೆ ಚೌಕಾಸಿ ಮಾಡುದ್ರೆ ಕಾಗೆ ಎಡೆ ಮುಟ್ಟಾಕಿಲ್ಲ ಕಣ್ರಪ್ಪ.”

ನಮ್ಮ ಕಡೆ ಹನ್ನೊಂದನೇ ದಿನ, ಮಣ್ಣು ಮಾಡಿದ ಗುಡ್ಡೆಯ ಮುಂದೆ ಎಲೆ ಹಾಕಿ, ಹೋದವರಿಗೆ ಇಷ್ಟವಾದ ಅಡಿಗೆಯನ್ನೆಲ್ಲ ಬಡಿಸಿ ಎಡೆ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಅವರಿಗೆ ತೃಪ್ತಿಯಾಯಿತು ಎಂದು ಅರ್ಥ. ಮುಟ್ಟದಿದ್ದರೆ ಮನೆಯವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಆ ಭಯವನ್ನು ನಾನು ಬಾಡಿಗೆಗೆ ಸೇರಿಸಿಕೊಂಡಿದ್ದೆ. ಮದುವೆಗೆ ಒಂದು ರೇಟು, ತಿಥಿಗೆ ಅದರ ಒಂದೂವರೆಪಟ್ಟು. ಚೌಕಾಸಿಗೂ ಕಾಗೆಗೂ ನಂಟಿದೆ ಎಂದು ಯಾವ ಹಿರಿಯರೂ ನನಗೆ ಹೇಳಿರಲಿಲ್ಲ. ಅದು ನಾನೇ ಕಟ್ಟಿದ ಮಾತು.

ಕೆಲವು ವರ್ಷಗಳ ಹಿಂದೆ ನುಗ್ಗೇಹಳ್ಳಿ ಕಡೆಯಿಂದ ಇಬ್ಬರು ಅಂಗಡಿಗೆ ಬಂದರು. ತೀರಿಕೊಂಡವರ ಮಗಳು ಮತ್ತು ಆಕೆಯ ಚಿಕ್ಕಪ್ಪ. ತೀರಿಕೊಂಡವರಿಗೆ ಗಂಡುಮಕ್ಕಳಿಲ್ಲದ್ದರಿಂದ ಕಾರ್ಯಕ್ಕೆ ಕೂರುವವನು ಈ ತಮ್ಮ, ಖರ್ಚು ಮಗಳದು. ಆಕೆಯನ್ನು ಅರಕಲಗೂಡಿಗೆ ಕೊಟ್ಟಿದ್ದರು. ಹಾಸನದ ಒಂದು ಆಫೀಸಿನಲ್ಲಿ, ಸಾಮಾನು ಖರೀದಿಯ ಕಾಗದಪತ್ರ ನೋಡುವ ಕೆಲಸ. ಅತ್ತು ಅತ್ತು ಕಣ್ಣು ಊದಿತ್ತು. ಆದರೂ ಕೂತ ಕೂಡಲೇ ಬ್ಯಾಗಿನಿಂದ ಒಂದು ಹಾಳೆ, ಪೆನ್ನು ತೆಗೆದರು.

“ಯಜಮಾನ್ರೆ, ಚಪ್ಪರ ಎಷ್ಟಡಿ ಬರುತ್ತೆ?”

“ದೊಡ್ಡದೇ ಹಾಕ್ಸೋಣ ಬಿಡಮ್ಮ.”

“ದೊಡ್ಡದು ಅಂದ್ರೆ ಎಷ್ಟು?”

ಚಿಕ್ಕಪ್ಪನಿಗೆ ಮುಜುಗರ. “ಬುಡು ಮಗ, ಅವ್ರಿಗೆ ಗೊತ್ತಿಲ್ವಾ? ನಮ್ಮಪ್ಪನ ತಿಥಿಗೂ ಇವ್ರೇ ಆಕಿದ್ದು.”

“ಅವರಿಗೆ ಗೊತ್ತಿರೋದನ್ನೇ ಬರ್ಕೊತಿದ್ದೀನಿ ಚಿಕ್ಕಪ್ಪ.”

ಟೆಂಪೋ ಎಷ್ಟು ಗಂಟೆಗೆ ಬರುತ್ತದೆ, ಮುರಿದ ಕುರ್ಚಿ ಇದ್ದರೆ ಇಳಿಸುವಾಗಲೇ ಯಾರು ನೋಡಬೇಕು, ಪಾತ್ರೆ ತೊಳೆದು ಕೊಡುವವರು ಯಾರು, ಮಳೆ ಬಂದರೆ ಟಾರ್ಪಾಲು ಉಂಟೋ, ಡೀಸೆಲ್ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ. ಒಂದೊಂದನ್ನೂ ಕೇಳಿ, ನಾನು ಹೇಳಿದ್ದನ್ನು ನಾನು ಹೇಳಿದ ಹಾಗೇ ಬರೆದು, ಓದಿ, “ಸರಿನಾ?” ಎನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ನನ್ನ ಮಾತನ್ನು ನನಗೇ ಯಾರೂ ಓದಿ ಹೇಳಿರಲಿಲ್ಲ. ಅದರಲ್ಲಿ ಎಷ್ಟು ತೂತುಗಳಿದ್ದವು ಎಂದು ಅವತ್ತು ತಿಳಿಯಿತು. ಆಕೆ ಜಬರ್ದಸ್ತಿನಿಂದ ಕೇಳಲಿಲ್ಲ, ತಗ್ಗಿದ ದನಿಯಲ್ಲಿ ಕೇಳಿದರು. ಒಂದೊಂದು ತೂತೂ ಮುಚ್ಚಿಕೊಂಡಿತು.

ಹಾಳೆಯ ಆರನೇ ಷರತ್ತು ಹೀಗಿತ್ತು: ಜನರೇಟರನ್ನು ಗುಡ್ಡೆಯ ಹತ್ತಿರ ಇಡದೆ, ತೆಂಗಿನ ಸಾಲಿನ ಆಚೆ ಇಡತಕ್ಕದ್ದು.

“ಇದ್ಯಾಕಮ್ಮ?” ಎಂದೆ.

“ಅಪ್ಪನಿಗೆ ಹಿಟ್ಟಿನ ಗಿರಣಿ ಸದ್ದು ಕೇಳಿದ್ರೇ ತಲೆನೋವು ಬರೋದು. ಅವತ್ತೊಂದಿನ ಅವರ ಪಕ್ಕ ಸದ್ದು ಬೇಡ.”

ಕೊನೆಗೆ ರೇಟು. ನಾನು ಹೇಳಿದ್ದನ್ನು ಕೇಳಿ, “ಹೋದ ತಿಂಗಳು ಅಪ್ಪನ ಪಕ್ಕದ ಮನೆ ಮದ್ವೆಗೆ ನೀವೇ ಇದೇ ಅಳತೆ ಚಪ್ಪರ, ಇಷ್ಟೇ ಕುರ್ಚಿ ಕೊಟ್ಟಿದ್ದೀರ. ಬಿಲ್ಲು ಕೇಳಿ ತರಿಸ್ಕೊಂಡು ನೋಡ್ದೆ. ಇದ್ಯಾಕೆ ಒಂದೂವರೆಪಟ್ಟು?” ಎಂದರು.

ನಾನು ಕಾಗೆಯ ಮಾತನ್ನು ಹೊರಗೆ ತೆಗೆದೆ. ಚಿಕ್ಕಪ್ಪನ ಮುಖ ಬಿಳುಚಿಕೊಂಡಿತು. ಆಕೆ ಪೆನ್ನಿನ ಮುಚ್ಚಳ ಹಾಕುತ್ತಾ ಹೇಳಿದರು: “ನಮ್ಮಪ್ಪ ಒಂದು ಕುಡುಗೋಲು ತಗೊಳ್ಳಕ್ಕೂ ಮೂರು ಅಂಗಡಿ ಸುತ್ತೋರು. ಚೌಕಾಸಿ ಮಾಡ್ದೆ ಒಪ್ಕೊಂಡ್ರೇನೇ ಅವರು ಎಡೆ ಮುಟ್ಟಲ್ಲ.”

ನಗು ಬಂತು, ಅದುಮಿಕೊಂಡೆ. ಮದುವೆ ರೇಟಿಗೇ ಒಪ್ಪಿ ಸಹಿ ಹಾಕಿದೆ. ಆಕೆ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿ ನನಗೂ ಒಂದು ಕೊಟ್ಟು ಹೋದರು. ನಾನು ಅದನ್ನು ಮಡಚಿ ಡ್ರಾಯರಿಗೆ ಎಸೆದೆ.

ಹನ್ನೊಂದನೇ ದಿನ ಹೊತ್ತಿಗೆ ಸರಿಯಾಗಿ ಹೋದೆವು. ಗುಡ್ಡೆ ಅವರದೇ ಹೊಲದಲ್ಲಿ, ಚಪ್ಪರವೂ ಅಲ್ಲೇ. ತೆಂಗಿನ ಸಾಲಿನ ಆಚೆಗೆ ಜನರೇಟರ್ ಒಯ್ಯಬೇಕಾದರೆ ಉದ್ದದ ವೈರು ಎಳೆಯಬೇಕಿತ್ತು. ಬೇಸರವಾಯಿತು. ರೇಟು ಇಳಿಸಿದ ಸಿಟ್ಟೂ ಸ್ವಲ್ಪ ಉಳಿದಿತ್ತು. ಗುಡ್ಡೆಯಿಂದ ಹತ್ತು ಹೆಜ್ಜೆಯಲ್ಲೇ ಇಳಿಸಿಬಿಡು ಎಂದು ಡ್ರೈವರಿಗೆ ಹೇಳಿದೆ. ಆಕೆ ಆಗ ಮನೆಯೊಳಗೆ ತಾಯಿಯ ಜೊತೆ ಇದ್ದರು. ಬೆಳಗಿನಿಂದ ಕರೆಂಟು ಇರಲಿಲ್ಲ. ಅಡಿಗೆಯವರ ಗ್ರೈಂಡರಿಗಾಗಿ ಜನರೇಟರ್ ಹಾಕಿದೆವು.

ಎಡೆ ಇಟ್ಟು, ಊದಿನಕಡ್ಡಿ ಹಚ್ಚಿ, ಎಲ್ಲರೂ ದೂರ ಸರಿದು ನಿಂತರು. ತಾಯಿಯನ್ನು ಹಿಡಿದುಕೊಂಡು ಬಂದಿದ್ದ ಆಕೆಗೆ ಸದ್ದು ಎಲ್ಲಿಂದ ಎಂದು ನೋಡುವ ಸ್ಥಿತಿ ಇರಲಿಲ್ಲ. ಎದುರಿನ ಹುಣಸೇಮರದಲ್ಲಿ ಏಳೆಂಟು ಕಾಗೆಗಳಿದ್ದವು. ಒಂದು ಕೆಳಗೆ ಹಾರುತ್ತಿತ್ತು, ಅರ್ಧ ದಾರಿಗೆ ಬಂದು ಮತ್ತೆ ಮರಕ್ಕೆ ಹೋಗುತ್ತಿತ್ತು. ಆಮೇಲೆ ಇನ್ನೊಂದು. ಅದೂ ಅಷ್ಟೆ. ಬಹಳ ಹೊತ್ತಾಯಿತು. ಹಸಿದ ಜನ ಪಿಸುಗುಡತೊಡಗಿದರು.

ಚಿಕ್ಕಪ್ಪ ಆಕೆಯ ಕಡೆ ತಿರುಗಿದ. “ನಾನು ಅವತ್ತೇ ಬಡ್ಕಂಡೆ. ಅಣ್ಣನ ತಿಥಿಗೆ ಕುರಿ ಯಾಪಾರ ಮಾಡ್ದಂಗೆ ಮಾಡುದ್ಯಲ್ಲ ಮಗ. ಈಗ ನೋಡು.”

“ಓದಿರೋರಿಗೆ ನಾವೇನು ಏಳಾದು,” ಎಂದಳು ನೆಂಟರ ಹೆಂಗಸೊಬ್ಬಳು.

ತಾಯಿ ನಿಂತಲ್ಲೇ ನೆಲದ ಮೇಲೆ ಕೂತುಬಿಟ್ಟರು. ಚಿಕ್ಕಪ್ಪ ಬಿಡಲಿಲ್ಲ. “ತಪ್ಪಾಯ್ತು ಅನ್ನು. ಶಾಮಿಯಾನದೋರು ಕೇಳಿದಷ್ಟೂ ಕೊಡ್ತೀನಿ ಅನ್ನು. ಅಣ್ಣ ಬತ್ತಾನೆ.”

ಎಲ್ಲರೂ ನನ್ನನ್ನು ನೋಡಿದರು. ನಾನು ಚಪ್ಪರದ ಕಂಬ ಹಿಡಿದು ನಿಂತಿದ್ದೆ. ಕಾಗೆ ಯಾಕೆ ಬರುತ್ತಿಲ್ಲ ಎಂದು ಆ ಹೊಲದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಜನರೇಟರಿನ ಸದ್ದಿಗೆ ಅವು ಹೆದರಿ ಹಿಂದೆ ಹೋಗುವುದನ್ನು ಬೇರೆ ಮನೆಗಳಲ್ಲೂ ಕಂಡಿದ್ದೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

“ತಪ್ಪಾಯ್ತು ಅಂತ ಒಂದು ಮಾತು ಅಂದ್ಬುಡು ಮಗ,” ಎಂದರು ತಾಯಿ, ಅಳುತ್ತಾ.

ಆಕೆ ಕೈ ಮುಗಿದರು. “ತಪ್ಪಾಯ್ತು ಅಪ್ಪ. ಅವರು ಕೇಳಿದಷ್ಟೂ ಕೊಡ್ತೀನಿ.”

ಆಗ ನಾನು ಹಿಂದಿನಿಂದ ಸುತ್ತಿಕೊಂಡು ಹೋಗಿ ಜನರೇಟರ್ ನಿಲ್ಲಿಸಿದೆ. ಗ್ರೈಂಡರ್ ನಿಂತುಹೋಯಿತು ಎಂದು ಅಡಿಗೆಯವನು ಕೂಗಿಕೊಂಡ. ಸ್ವಲ್ಪ ಹೊತ್ತಿಗೆ ಒಂದು ಕಾಗೆ ಇಳಿದು ಎಲೆಯ ತುದಿಯ ವಡೆ ಕಚ್ಚಿಕೊಂಡು ಹೋಯಿತು. ಎಲ್ಲರೂ ಉಸಿರುಬಿಟ್ಟರು. “ನೋಡುದ್ರಾ?” ಎಂದ ಚಿಕ್ಕಪ್ಪ. ಆಕೆ ಕಾಗೆಯನ್ನು ನೋಡುತ್ತಿರಲಿಲ್ಲ. ಜನರೇಟರನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

ಜನರ ಊಟವಾದ ಮೇಲೆ ಆಕೆ ಒಂದೂವರೆಪಟ್ಟು ದುಡ್ಡನ್ನು ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ.

“ಆರನೇದು,” ಎಂದರು. ನಾನು ದುಡ್ಡು ಎಣಿಸುತ್ತಲೇ ಇದ್ದೆ. “ಅಮ್ಮ ಈಗ ತಾನೇ ಊಟಕ್ಕೆ ಕೂತಿದ್ದಾರೆ. ಇವತ್ತು ನಾನೇನೂ ಹೇಳಲ್ಲ. ಆದ್ರೆ ಇದನ್ನ ಇನ್ನೊಂದು ಮನೇಲಿ ಕಥೆ ಮಾಡಿ ಹೇಳ್ಬೇಡಿ ಯಜಮಾನ್ರೆ.”

ಹೇಳಿದೆ. ಆ ವರ್ಷ ತಿಥಿಯ ರೇಟಿಗೆ ಯಾರು ತಕರಾರು ತೆಗೆದರೂ, “ನುಗ್ಗೇಹಳ್ಳಿ ಕಡೆ ಒಂದ್ಮನೇಲಿ ಏನಾಯ್ತು ಗೊತ್ತಾ?” ಎಂದು ಶುರು ಮಾಡುತ್ತಿದ್ದೆ. ನಾನು ಕಟ್ಟಿದ ಮಾತಿಗೆ ಈಗ ಸಾಕ್ಷಿ ಸಿಕ್ಕಿತ್ತು. ಎಷ್ಟು ಮನೆಯಲ್ಲಿ ಹೇಳಿದೆನೋ ನೆನಪಿಲ್ಲ. ಅವರನ್ನೆಲ್ಲ ಹುಡುಕಿಕೊಂಡು ಹೋಗಲು ಈಗ ಕಾಲಿನಲ್ಲಿ ಶಕ್ತಿಯಿಲ್ಲ. ಬರೆಯುತ್ತಿರುವುದು ಅದಕ್ಕೇ.

ಒಂದು ದಿನ ಹಿರೀಸಾವೆಯ ಹೋಟೆಲಿನಲ್ಲಿ ಆ ಚಿಕ್ಕಪ್ಪ ಸಿಕ್ಕಿದ. ಟೀ ಕುಡಿಯುತ್ತಾ ಹೇಳಿದ: “ನಮ್ಮತ್ಗೆ ಪ್ರತಿ ಅಮಾಸೆಗೂ ಗುಡ್ಡೆಗೆ ಎಡೆ ಇಕ್ತರೆ ಕಣ್ರಿ, ಮಗಳ ತಪ್ಪು ಒಟ್ಟೆಗಾಕ್ಕಳಿ ಅಂತ. ಅವ್ಳು ಬಂದಾಗ ಇಕ್ಕಾಕಿಲ್ಲ, ನೊಂದ್ಕತಾಳೆ ಅಂತ.” ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದೆ. ಕಾಗೆಯ ಮಾತನ್ನು ಆಮೇಲೆ ಯಾರಿಗೂ ಹೇಳಲಿಲ್ಲ. ಆದರೆ ಆ ಮನೆಗೆ ಹೋಗಿ ನಿಜ ಹೇಳುವ ಧೈರ್ಯವೂ ಬರಲಿಲ್ಲ.

ವರ್ಷದ ಕಾರ್ಯ ಹತ್ತಿರ ಬಂದಾಗ ಆಕೆಯೇ ಅಂಗಡಿಗೆ ಬಂದರು. ಒಬ್ಬರೇ. ನನಗೆ ನಂಬಲಾಗಲಿಲ್ಲ.

“ನನ್ನತ್ರಾನೇ ಯಾಕಮ್ಮ?”

“ಹೊತ್ತಿಗೆ ಬಂದ್ರಿ. ಚಪ್ಪರ ಸೋರಲಿಲ್ಲ. ಕುರ್ಚಿ, ಪಾತ್ರೆ ಎಲ್ಲ ಬರ್ದಂಗೇ ಇತ್ತು. ಒಂದು ಬಿಟ್ರೆ ಎಲ್ಲ ನಡೆಸಿಕೊಟ್ಟಿದ್ದೀರ.”

ಅಷ್ಟು ಅನ್ಯಾಯ ಮಾಡಿದವನ ಕೆಲಸವನ್ನೂ ಹೀಗೆ ಒಂದೊಂದಾಗಿ ಬಿಡಿಸಿ, ಸರಿ ಇದ್ದುದನ್ನು ಸರಿ ಎನ್ನುವ ಜನ ಎಷ್ಟಿದ್ದಾರು? ನಾನು ಕಂಡದ್ದು ಆಕೆಯನ್ನೊಬ್ಬರನ್ನೇ.

ಹಾಳೆ ಮುಂದಿಟ್ಟರು. ಬಾಡಿಗೆ ಮದುವೆ ರೇಟಿನದು. ಹೋದ ಸಲ ನಾನು ಹೆಚ್ಚಿಗೆ ತೆಗೆದುಕೊಂಡದ್ದನ್ನು ಅದರಲ್ಲಿ ಮುರಿದುಕೊಂಡಿದ್ದರು. ನನ್ನ ಬೆರಳು ಆರನೇ ಷರತ್ತಿನಲ್ಲಿ ನಿಂತಿತು: ಜನರೇಟರನ್ನು ತೆಂಗಿನ ಸಾಲಿನ ಆಚೆ ಇಡತಕ್ಕದ್ದು. ಏಕೆಂಬುದನ್ನು ಎಡೆ ಇಡುವ ಮೊದಲು ಮನೆಯವರೆಲ್ಲರ ಎದುರು ಶಾಮಿಯಾನದವರೇ ತಿಳಿಸತಕ್ಕದ್ದು.

“ಇದನ್ನ ನೀವೇ ಹೇಳ್ಬೋದಲ್ಲಮ್ಮ.”

“ನಾನು ಹೇಳಿದ್ರೆ ದುಡ್ಡುಳಿಸಕ್ಕೆ ಹೇಳ್ತಾಳೆ ಅಂತಾರೆ. ಅಮ್ಮನೂ ನಂಬಲ್ಲ.”

“ನಿಮ್ಮಮ್ಮನಿಗೆ ಒಬ್ರಿಗೇ ಹೇಳ್ತೀನಿ. ಎಲ್ರ ಎದುರು ಬೇಡ.”

“ನಾನು ತಪ್ಪಾಯ್ತು ಅಂದಿದ್ದು ಎಲ್ಲರ ಎದುರು.”

“ಬಾಡಿಗೇನೇ ಬೇಡ ಕಣಮ್ಮ. ಈ ಒಂದು ಸಾಲು ಹೊಡೆದಾಕಿ.”

“ಬಾಡಿಗೆ ಕೊಡ್ತೀನಿ,” ಎಂದು ಪೆನ್ನನ್ನು ನನ್ನ ಕಡೆ ತಿರುಗಿಸಿಟ್ಟರು. “ಇದರಲ್ಲಿ ಚೌಕಾಸಿ ಇಲ್ಲ.”

ಸಹಿ ಹಾಕಿದೆ.

ಕಾರ್ಯದ ದಿನ ಟೆಂಪೋ ತೆಂಗಿನ ಸಾಲು ದಾಟಿ ಹೋಯಿತು. ಉದ್ದದ ವೈರನ್ನು ನಾನೇ ಎಳೆದೆ. ಎಲೆಗೆ ಬಡಿಸುವ ಹೊತ್ತಿಗೆ ಮುಂದೆ ಬಂದು ನಿಂತು, ಹೋದ ಸಲ ಜನರೇಟರ್ ಎಲ್ಲಿಟ್ಟಿದ್ದೆ, ಕಾಗೆ ಯಾಕೆ ಬರಲಿಲ್ಲ, ಯಾವಾಗ ನಿಲ್ಲಿಸಿದೆ, ಚೌಕಾಸಿಯ ಮಾತು ಯಾರು ಕಟ್ಟಿದ್ದು, ಎಲ್ಲ ಹೇಳಿದೆ. ಮೊದಲು ಬಾಯಿ ಬಿಟ್ಟವನು ಚಿಕ್ಕಪ್ಪ. ಅದುವರೆಗೆ ನನಗೆ ಬಹುವಚನ ಕೊಡುತ್ತಿದ್ದವನು, “ಅಂಗಾರೆ ನಮ್ಮಪ್ಪನ ತಿಥಿಗೂ ಒಂದೂವರೆಪಟ್ಟು ತಗಂಡಿದ್ದೇನ್ಲಾ?” ಎಂದ.

“ಹೂಂ,” ಎಂದೆ.

ತಾಯಿ ನನ್ನ ಹತ್ತಿರ ಬಂದರು. “ಅಂಗಾರೆ ನನ್ನ ಮಗಳು ಅವತ್ತು ಒಪ್ಕಂಡ ತಪ್ಪು?”

“ಅದು ನಂದು ಕಣವ್ವ.”

ಅವರು ಗುಡ್ಡೆಯ ಕಡೆ ತಿರುಗಿ, ಒಳಗಿನ ಕೋಣೆಯಲ್ಲಿ ಇರುವವರಿಗೆ ಹೇಳುವ ಹಾಗೆ, “ಕೇಳುಸ್ಕಂಡ್ರಾ? ಮಗಿಂದೇನೂ ತಪ್ಪಿಲ್ವಂತೆ,” ಎಂದರು. ಆಮೇಲೆ ಮಗಳ ಕೆನ್ನೆಯನ್ನು ಸೆರಗಿನಿಂದ ಒರೆಸಿದರು.

ಆಕೆ ಬ್ಯಾಗಿನಿಂದ ಹಾಳೆ ತೆಗೆದು ಆರನೇ ಷರತ್ತಿನ ಮುಂದೆ ಟಿಕ್ ಹಾಕಿದರು. ಪೆನ್ನು ಕೆಳಗಿನ ಸಾಲಿಗೆ ಇಳಿಯಿತು.

“ಏಳನೇದು, ನೀರಿನ ಡ್ರಮ್ಮು. ಎರಡು ಅಂತ ಬರ್ದಿದೆ, ಒಂದೇ ಕಾಣ್ತಿದೆಯಲ್ಲ ಯಜಮಾನ್ರೆ?”

ಇನ್ನೊಂದನ್ನು ಇಳಿಸಲು ನಾನು ಟೆಂಪೋದ ಕಡೆ ನಡೆದೆ.