ಸಲೂನ್ ಕಾರಿನ ಹಿಂದಿನ ಸೀಟು

ನಮ್ಮ ದೊಡ್ಡಪ್ಪನ ಕಾರಿನ ಬಗ್ಗೆ ಚಳ್ಳಕೆರೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಸಂತೆಗೆ ಬಂದವರು, ಗಾಣದ ಕಟ್ಟೆಯ ಮೇಲೆ ಕೂತವರು, ಕಚೇರಿಯ ಮುಂದೆ ಬೇವಿನ ಮರದಡಿ ಸರದಿ ಕಾಯುವವರು ಎಲ್ಲರೂ ಅದನ್ನು ಒಂದೇ ಥರ ಹೇಳುತ್ತಾರೆ. ಸಾಹುಕಾರರು ಇಂಗ್ಲೆಂಡಿನ ದೊಡ್ಡ ಸಲೂನ್ ಕಾರು ತಂದರಂತೆ. ಅದರ ಸೀಟು ದನದ ಚರ್ಮದ್ದಂತೆ. ಮನೆಯಮ್ಮ ಕೊರಳಲ್ಲಿ ಲಿಂಗ ಕಟ್ಟಿದವರು, ಮಹಾ ಮಡಿ, ಕೂರುವುದಿಲ್ಲ ಎಂದರಂತೆ. ಸಾಹುಕಾರರು ಸೀಟಿಗೆ ಕರಿ ಕಂಬಳಿ ಹೊದಿಸಿದರಂತೆ. ಕಂಬಳಿಗೆ ಮೈಲಿಗೆ ಇಲ್ಲವಾದ್ದರಿಂದ ಅಮ್ಮನವರು ಹತ್ತಿ ಕೂತು ತವರಿಗೆ ಹೋಗಿಬಂದರಂತೆ. ಧರ್ಮವೂ ಉಳಿಯಿತು, ಕಾರೂ ಓಡಿತು ಎಂದು ಕೇಳಿದವರು ತಲೆದೂಗುತ್ತಾರೆ.

ಈ ಕಥೆಯನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಕಾರು ತಂದದ್ದು ನಿಜ, ಸೀಟು ಚರ್ಮದ್ದೆಂಬುದು ನಿಜ, ಕಂಬಳಿ ಹೊದಿಸಿದ್ದೂ ನಿಜ. ಆದರೆ ನಮ್ಮ ದೊಡ್ಡವ್ವ ಅಂಥ ಮಡಿಯ ಹೆಂಗಸಲ್ಲ. ಮತ್ತು ಆಕೆ ಇವತ್ತಿನವರೆಗೆ ಆ ಕಾರಿನ ಮೆಟ್ಟಿಲ ಮೇಲೆ ಕಾಲಿಟ್ಟಿಲ್ಲ. ಇಷ್ಟನ್ನು ನಾನು ಹೇಳಿದರೆ ಜನ “ಹೌದಾ?” ಅನ್ನುತ್ತಾರೆ, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಾರೆ, ಪಕ್ಕದವನಿಗೆ ಹಳೆಯ ಕಥೆಯನ್ನೇ ಹೇಳುತ್ತಾರೆ. ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಎದುರು ಪಕ್ಷದವರ ವಾದವನ್ನು ಎಳೆ ಎಳೆಯಾಗಿ ಬಿಡಿಸಿ ಇಟ್ಟರೆ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಚಳ್ಳಕೆರೆಯಲ್ಲಿ ಹಾಗೆ ಬಿಡಿಸಿಟ್ಟರೆ ಯಾರಾದರೊಬ್ಬರು ಅದನ್ನು ಮತ್ತೆ ಹೊಸೆದು ಕೊಡುತ್ತಾರೆ.

ಕಾರಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಅದರ ವೈರಿ ಎಂದು ನೀವು ತಿಳಿಯಬಹುದು. ದೊಡ್ಡಪ್ಪ ಕಡಲೆಕಾಯಿ ಎಣ್ಣೆಯ ವ್ಯಾಪಾರಿ. ಬೆಂಗಳೂರಿನ ದಂಡಿನಲ್ಲಿ ಒಬ್ಬ ದೊರೆ ತನ್ನ ದೇಶಕ್ಕೆ ವಾಪಸಾಗುತ್ತಾ ಬಿಟ್ಟುಹೋದ ಕಾರನ್ನು ಕೊಂಡು ತಂದರು. ಕಪ್ಪು ಬಣ್ಣ. ಅದರ ಮೂತಿಯೇ ನಮ್ಮ ಜಗಲಿಯಷ್ಟು ಉದ್ದ. ಒಳಗೆ ನಯವಾದ ಮರದ ಹಲಗೆ, ಕಿಟಕಿಗೆ ರೇಷ್ಮೆಯ ಪರದೆ, ಹೂವಿಡಲು ಗಾಜಿನ ಪುಟ್ಟ ಕುಡಿಕೆ, ಹಿಂದೆ ಕೂತವರು ಮುಂದಿನ ಚಾಲಕನಿಗೆ ಅಪ್ಪಣೆ ಕೊಡಲು ಒಂದು ಕೊಳವೆ. ಬಾಗಿಲು ಹಾಕಿದರೆ ಧಡ್ ಅನ್ನುವುದಿಲ್ಲ. ದೊಡ್ಡ ಮನುಷ್ಯರು ಹೂಂ ಎಂದಂತೆ ಕೇಳುತ್ತದೆ. ಸೀಟಂತೂ, ನಿಜ ಹೇಳಬೇಕೆಂದರೆ, ಕೂತವನ ತತ್ತ್ವವನ್ನೆಲ್ಲ ಹೀರಿಕೊಳ್ಳುತ್ತದೆ. ವಿದೇಶಿ ವಸ್ತು ಬೇಡ ಎಂಬ ಪಕ್ಷದಲ್ಲಿ ನಿಂತು ವಾದಿಸಿ ಗೆದ್ದವನು ನಾನು. ರಜೆಗೆ ಬಂದ ದಿನವೇ, ಖಾದಿ ಅಂಗಿಯಲ್ಲೇ, ಆ ಸೀಟಿನ ಮೇಲೆ ಮಧ್ಯಾಹ್ನದ ನಿದ್ದೆ ಮಾಡಿದೆ. ಎದ್ದಾಗ ನನ್ನ ವಾದದ ಮೊದಲನೆಯ ಅಂಶ ಏನೆಂದು ತಕ್ಷಣ ನೆನಪಾಗಲಿಲ್ಲ.

ದೊಡ್ಡಪ್ಪ ಮಾತ್ರ ಆ ಸೀಟಿನಲ್ಲಿ ಕೂರುವುದಿಲ್ಲ. ಮುಂದೆ, ಚಾಲಕ ಹುಸೇನ್ ಸಾಬಿಯ ಪಕ್ಕ ಕೂರುತ್ತಾರೆ. ಇದಕ್ಕೂ ಊರಲ್ಲಿ ಒಂದು ಕಥೆಯಿದೆ: ಸಾಹುಕಾರರಿಗೆ ಎಳ್ಳಷ್ಟೂ ಗರ್ವವಿಲ್ಲವಂತೆ. ಗರ್ವ ಬೇಕಾದಷ್ಟಿದೆ, ಅದು ನಮಗೆ ಗೊತ್ತು. ಹಿಂದಿನ ಸೀಟು ದೊಡ್ಡವ್ವನದು ಎಂದು ಅವರು ತಂದ ದಿನವೇ ತೀರ್ಮಾನಿಸಿಬಿಟ್ಟಿದ್ದರು. ಆಕೆ ಕೂರುವವರೆಗೆ ತಾವೂ ಕೂರುವುದಿಲ್ಲ, ಅಷ್ಟೆ.

ಒಮ್ಮೆ ನನ್ನ ಒತ್ತಾಯಕ್ಕೆ ನಾವು ಬ್ರಹ್ಮಗಿರಿಗೆ ಹೋಗಿದ್ದೆವು. ಅಶೋಕ ಚಕ್ರವರ್ತಿ ಅಷ್ಟು ದೂರದಿಂದ ಬರೆಸಿ ಕಳಿಸಿದ ಬುದ್ಧಿಮಾತು ಅಲ್ಲಿಯ ಬಂಡೆಯ ಮೇಲಿದೆ. ತಂದೆತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆಯಿರಲಿ ಎಂಬಂಥದ್ದು. ಅಷ್ಟು ದೂರದ ಅರಸನಿಗೂ ಮೊಳಕಾಲ್ಮೂರು ಸೀಮೆಯವರಿಗೆ ಬುದ್ಧಿ ಹೇಳಬೇಕೆನಿಸಿತಲ್ಲ ಎಂದು ನಾನು ಬಂಡೆಯ ಮುಂದೆ ನಿಂತು ಸಣ್ಣ ಭಾಷಣವನ್ನೇ ಮಾಡಿದೆ. ಕೇಳುವವರಿರಲಿಲ್ಲ. ಸಿದ್ಧಾಪುರದ ಜನವೆಲ್ಲ ಗುಡ್ಡದ ಬುಡದಲ್ಲಿ ಕಾರಿನ ಸುತ್ತ ನಿಂತಿದ್ದರು. ಅವರ ಜತೆ ದೊಡ್ಡಪ್ಪನೂ ನಿಂತು, ತಾವೂ ಮೊದಲ ಸಲ ನೋಡುತ್ತಿರುವವರಂತೆ ಅದನ್ನು ನೋಡುತ್ತಿದ್ದರು. ನಾನು ಇಳಿದು ಬರುವ ಹೊತ್ತಿಗೆ ಒಬ್ಬ ಮುದುಕ, ಕುರಿ ಕಾಯುವವನು, ಮುಚ್ಚಿದ ಪರದೆಯ ಕಡೆ ಗದ್ದ ತೋರಿಸಿ ತೆಲುಗಿನಲ್ಲಿ ಕೇಳಿದ, “ಲೋಪಲ ದೊರಸಾನಿ ಉಂದಾ ಸಾಮಿ?”

“ಒಳಗೆ ಯಾರೂ ಇಲ್ಲಪ್ಪ,” ಅಂದೆ.

ಮುದುಕ ಕನ್ನಡಕ್ಕೆ ಹೊರಳಿದ. “ಮತ್ತೆ ಪರದೆ ಯಾರಿಗೆ ಹಾಕೀರಿ?”

ಹುಸೇನ್ ಸಾಬಿ ಕೆಮ್ಮಿದ. ದೊಡ್ಡಪ್ಪ ಇದ್ದಕ್ಕಿದ್ದಂತೆ ಗುಡ್ಡದ ಕಡೆ ತಿರುಗಿ, ಅಶೋಕನಲ್ಲಿ ತುಂಬ ಆಸಕ್ತಿ ತೋರಿಸಿದರು.

ಆ ಸೀಟು ಖಾಲಿ ಉಳಿದದ್ದು ಹೀಗೆ. ದೊಡ್ಡವ್ವನ ತವರು ದೇವಸಮುದ್ರ. ಅಲ್ಲಿ ಆಕೆಯ ತಮ್ಮನ ಮನೆ. ತನ್ನ ಗಂಡ ತೀರಿಕೊಂಡ ಮೇಲೆ ದೊಡ್ಡವ್ವನ ಅಕ್ಕನೂ ಅಲ್ಲೇ ಬಂದು ಇದ್ದಾಳೆ. ಮೊದಲು ಪ್ರತಿವರ್ಷ ಪಂಚಮಿಗೆ ದೊಡ್ಡವ್ವ ಕಮಾನಿನ ಗಾಡಿಯಲ್ಲಿ ಹೋಗುತ್ತಿದ್ದಳು. ಕಾರು ಬಂದ ಮೇಲೆ ಗಾಡಿಯ ಕಮಾನು ಬಿಚ್ಚಿ ಹೊಲದ ಗೊಬ್ಬರ ಹೇರಲು ಕಳಿಸಿದರು. ಎತ್ತುಗಳು ನೇಗಿಲಿಗೆ ಹೋದವು. ಹೋದ ವರ್ಷ ಪಂಚಮಿಗೆ ದೊಡ್ಡಪ್ಪ ಕಾರನ್ನು ತೊಳೆಸಿ, ಗಾಜಿನ ಕುಡಿಕೆಯಲ್ಲಿ ಸೇವಂತಿಗೆ ಇಡಿಸಿ, ಬಾಗಿಲಿಗೆ ತಂದು ನಿಲ್ಲಿಸಿದರು. ದೊಡ್ಡವ್ವ ಹೊಸ್ತಿಲಲ್ಲೇ ನಿಂತು ಒಳಗೆ ಬಗ್ಗಿ ನೋಡಿ, “ಸೀಟು ಯಾತರದು?” ಎಂದಳು. ಹುಸೇನ್ ಸಾಬಿ ಹೆಮ್ಮೆಯಿಂದ, “ಅಸಲಿ ಚಮ್ಡಾ ಅಮ್ಮಾರೆ, ವಿಲಾಯ್ತಿದು,” ಎಂದ. ಅಲ್ಲಿಗೆ ಮುಗಿಯಿತು. ಆಕೆ ಹೋಗಲಿಲ್ಲ.

ಈ ಸಲ ರಜೆಗೆ ಬಂದ ನನ್ನನ್ನು ದೊಡ್ಡಪ್ಪ ವಕೀಲನನ್ನಾಗಿ ನೇಮಿಸಿದರು. “ಲೇ, ಅದೇನೋ ವಾದ ಮಾಡಿ ಬೆಳ್ಳಿ ಬಟ್ಟಲು ಗೆದ್ದೀಯಂತೆ. ನಿಮ್ಮ ದೊಡ್ಡವ್ವನ್ನ ಗೆಲ್ಲು ನೋಡನ.”

ಅಡುಗೆಮನೆಯಲ್ಲಿ ಸಭಾಪತಿ ಇಲ್ಲ, ಹೊತ್ತು ಮುಗಿಯಿತೆಂದು ಗಂಟೆ ಬಾರಿಸುವವರಿಲ್ಲ. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಮಣೆ ಹಾಕಿಕೊಂಡು ಕೂತು, ಮೊದಲ ಬಾಣವಾಗಿ ಶಿವನನ್ನೇ ಬಿಟ್ಟೆ.

“ನೀನು ದಿನಾ ಪೂಜೆ ಮಾಡೋ ಶಿವ ಆನೆ ಚರ್ಮ ಹೊದ್ದವನು, ಹುಲಿ ಚರ್ಮದ ಮೇಲೆ ಕೂತವನು. ಅವನಿಗಿಲ್ಲದ ಮೈಲಿಗೆ ನಿನಗೆಲ್ಲಿಂದ ಬಂತು ದೊಡ್ಡವ್ವ?”

“ಅವನು ಸುಡುಗಾಡಿನಾಗೂ ಇರ್ತಾನೆ ಕಣಪ್ಪ. ನಾನೂ ಅಲ್ಲಿಗೆ ಹೋಗಿ ಇರಲಾ?”

ಎರಡನೆಯದಾಗಿ ಭೂಗೋಳ. ಈ ಚರ್ಮ ನಮ್ಮ ಕಾವಲಿನ ಅಮೃತಮಹಲ್ ದನದ್ದಲ್ಲ. ಸಮುದ್ರದ ಆಚೆ, ಬಸವಣ್ಣನ ಹೆಸರೇ ಕೇಳದ ದೇಶದ ದನದ್ದು. ಅದನ್ನು ನಮ್ಮ ಲೆಕ್ಕದ ದನ ಅನ್ನುವುದೇ ತಪ್ಪು ಎಂದು ಸಾಧಿಸಿದೆ.

“ದನ ದನಾನೇ,” ಎಂದಳು. “ಇಂಗ್ಲಿಷು ಬಂದೇಟ್ಗೆ ಅದು ಕುಂಬಳಕಾಯಿ ಆಗ್ತದಾ?”

ಆಗ ದೊಡ್ಡಪ್ಪ ಕಂಬಳಿಯ ಉಪಾಯ ಮಾಡಿದರು. ನಮ್ಮೂರಿನ ಕಂಬಳಿಗೆ ನಾಲ್ಕು ಸೀಮೆಯಲ್ಲಿ ಹೆಸರಿದೆ. ಬಿಸಿಲು, ಮಳೆ, ಚಳಿ ಎಲ್ಲದಕ್ಕೂ ಆಗುತ್ತದೆ. ಆದರೆ ಬ್ರಿಟಿಷ್ ಕಾರಿನ ಮೆತ್ತನೆಯ ಸೀಟಿಗೆ ಅದನ್ನು ಯಾರೂ ಯೋಚಿಸಿರಲಿಲ್ಲ. ಹೊಸ ಕಂಬಳಿಯ ಉಣ್ಣೆ ಪಂಚೆ ದಾಟಿ ತೊಡೆಗೆ ಚುಚ್ಚುತ್ತದೆ. ಪ್ರಯೋಗಕ್ಕೆಂದು ಕೂತು ಹೊರಟ ನಾನು ದಾರಿಯ ಮೇಲಿನ ತಳಕು ಊರು ಮುಟ್ಟುವ ಮೊದಲೇ ಎದ್ದು ನಿಂತು, ತಲೆ ಚಾವಣಿಗೆ ತಾಗಿಸಿಕೊಂಡು ಪಯಣ ಮುಂದುವರಿಸಿದೆ. ಹುಸೇನ್ ಸಾಬಿ ಮುಖ ಬಾಡಿಸಿಕೊಂಡಿದ್ದ. “ಇಷ್ಟು ಖಾನ್ದಾನಿ ಗಾಡಿ ಛೋಟೆ ಸಾಹೇಬ್ರೆ. ಈಗ ಬಾಗಿಲು ತೆಗೆದ್ರೆ ಕುರಿ ಹಟ್ಟಿ ವಾಸ್ನೆ ಬರ್ತದೆ,” ಎಂದ.

ದೊಡ್ಡವ್ವ ಕಂಬಳಿಯನ್ನು ಕೈಯಲ್ಲಿ ಸವರಿ ನೋಡಿದಳು. “ಒಳ್ಳೆ ಕಂಬಳಿ. ಆದ್ರೆ ಕೆಳಗೆ ಏನೈತೆ ಅಂತ ನಂಗೆ ಗೊತ್ತಲ್ಲಪ್ಪ.”

ನಾನು ಬಿಡಲಿಲ್ಲ. ಕಮಾನು ಗಾಡಿಯಲ್ಲಿ ಎತ್ತಿನ ಕೊರಳಪಟ್ಟಿ ಯಾವುದರದ್ದು? ಭಜನೆಯ ಮದ್ದಳೆ ಯಾವುದರದ್ದು? ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ ಯಾವುದರದ್ದು, ಆ ನೀರನ್ನೇ ನೀನು ಕುಡಿಯುವುದಿಲ್ಲವೇ? ಒಂದೊಂದಕ್ಕೂ ಆಕೆ, “ಹೌದು ಕಣಪ್ಪ, ಅದೂ ನಿಜವೇ,” ಅನ್ನುತ್ತಾ ಹೋದಳು. ಒಂದೊಂದಕ್ಕೂ ಒಂದು ರೊಟ್ಟಿ ಹೆಂಚಿನ ಮೇಲೆ ಬಿತ್ತು. ಕೊನೆಗೆ, “ಹಾಗಾದರೆ ಹೊರಡ್ತೀಯಾ?” ಎಂದರೆ, “ಇಲ್ಲಪ್ಪ,” ಎಂದಳು.

ಎದುರು ಮಾತಾಡುವ ಪ್ರತಿವಾದಿಯಿಂದ ದಣಿವಾಗುವುದಿಲ್ಲ, ಎಲ್ಲವನ್ನೂ ಒಪ್ಪಿಕೊಳ್ಳುವ ಪ್ರತಿವಾದಿಯಿಂದ ಆಗುತ್ತದೆ. ಹಾಗೆ ದಣಿದು, ಗೋಡೆಗೆ ಒರಗಿ ಕೂತಾಗಲೇ ನನಗೆ ಚರ್ಚಾಕೂಟದ ಒಂದು ಹಳೆಯ ಪಾಠ ನೆನಪಾದದ್ದು. ನಿನ್ನ ಪ್ರತಿಯೊಂದು ಅಂಶವನ್ನೂ ಒಪ್ಪಿ, ತೀರ್ಪನ್ನು ಮಾತ್ರ ಎದುರಾಳಿ ಒಪ್ಪದಿದ್ದರೆ, ನೀನು ಬೇರೆ ವಿಷಯದ ಮೇಲೆ ಮಾತಾಡುತ್ತಿದ್ದೀಯ ಎಂದು ಅರ್ಥ.

ಅದೇ ಹೊತ್ತಿಗೆ ಪಡಸಾಲೆಯಲ್ಲಿ ದೊಡ್ಡಪ್ಪ ಯಾರೋ ಹತ್ತಿ ವ್ಯಾಪಾರಿಗೆ ಕಾರಿನ ಗುಣಗಾನ ಮಾಡುತ್ತಿದ್ದರು. ಬಂದವರಿಗೆಲ್ಲ ಅವರು ಹೇಳುವ ಮಾತೇ ಅದು: “ಬೆಳಿಗ್ಗೆ ರೊಟ್ಟಿ ಇಲ್ಲಿ ತಿಂದು ಹೊಂಟ್ರೆ ಮಧ್ಯಾಹ್ನದ ಊಟ ದೇವಸಮುದ್ರದಾಗೆ, ದೀಪ ಹಚ್ಚೋ ಹೊತ್ತಿಗೆ ವಾಪಸು ನಮ್ಮ ಮನ್ಯಾಗೆ. ನೋಡ್ರಿ, ಹೆಂಗೈತೆ.”

ದೊಡ್ಡವ್ವ ಒಲೆಗೆ ಇನ್ನೊಂದು ಕಟ್ಟಿಗೆ ಇಡುತ್ತಾ, ನನಗೆ ಹೇಳುವಂತೆಯೂ ಅಲ್ಲದೆ, “ಊಟ ಮಾಡಿ ಬರೋಕೆ ಅದೇನು ಛತ್ರವಾ?” ಎಂದಳು.

ನಾನು ಎದ್ದು ಹತ್ತಿರ ಕೂತೆ. “ಗಾಡಿಯಾಗಾದ್ರೆ ಎಷ್ಟು ದಿನ ಇರ್ತಿದ್ದೆ ದೊಡ್ಡವ್ವ?”

ಆಕೆ ಹೇಳಿದಳು. ಅಷ್ಟು ಹೊತ್ತು ಒಂದೊಂದೇ ಮಾತಿನಲ್ಲಿ ಮುಗಿಸುತ್ತಿದ್ದವಳು ಒಂದೇ ಸಮನೆ ಹೇಳಿದಳು. ಅಮಾವಾಸ್ಯೆಗೆ ಮುಂಚೆ ಹೊರಡುವುದು. ರಾತ್ರಿ ಮೊಳಕಾಲ್ಮೂರಿನಲ್ಲಿ ನೆಂಟರ ಮನೆಯಲ್ಲಿ ತಂಗುವುದು. ಅಲ್ಲಿ ಮಗ್ಗದ ಮೇಲಿನ ಸೀರೆಗಳನ್ನು ನೋಡುವುದು, ಒಂದನ್ನೂ ಕೊಳ್ಳದೆ ಎಲ್ಲದಕ್ಕೂ ಕೊಂಕು ತೆಗೆಯುವುದು. ದೇವಸಮುದ್ರ ಮುಟ್ಟಿದ ಮೇಲೆ ಮೈನೋವು ಅಂತ ಒಂದು ದಿನ ಮಲಗೇ ಇರುವುದು, ಅಕ್ಕ ಕಾಲು ಒತ್ತುವುದು. ಆಮೇಲೆ ತಂಬಿಟ್ಟು, ಅಳ್ಳು, ಜೋಕಾಲಿ. ಹಬ್ಬ ಮುಗಿದ ಮೇಲೂ ಅಷ್ಟು ದೂರ ಬಂದವಳನ್ನು ಮಾರನೆಯ ದಿನವೇ ಹೊರಡು ಅನ್ನುವವರುಂಟೇ? ಎತ್ತುಗಳೂ ದಣಿದಿರುತ್ತವಲ್ಲ. ಹುಣ್ಣಿಮೆ ಕಳೆದ ಮೇಲೆ ವಾಪಸು. “ವರ್ಷಕ್ಕೆ ಅಷ್ಟು ದಿನ ನಂಗೆ ಯಾರೂ ಏನೂ ಕೇಳ್ತಿರಲಿಲ್ಲ ಕಣೋ. ರೊಟ್ಟಿ ಆಯ್ತಾ ಅಂತಾನೂ ಕೇಳ್ತಿರಲಿಲ್ಲ.”

“ಇದನ್ನ ದೊಡ್ಡಪ್ಪಂಗೆ ಹೇಳಬೋದಿತ್ತಲ್ಲ.”

“ಹೆಂಗೆ ಹೇಳ್ಲಿ? ನಂಗೋಸ್ಕರ ಅಂತ ಇಷ್ಟುದ್ದ ಕಾರು ತಂದವ್ರಿಗೆ, ನಿಧಾನ ಹೋಗೋದೇ ಬೇಕು ಅಂತ ಹೇಳ್ಲಾ? ಮನಸ್ಸಿಗೆ ನೋವಾಗ್ತದೆ. ಚರ್ಮ ಅಂದ್ರೆ ಯಾರಿಗೂ ನೋವಿಲ್ಲ.”

ಊರಿನ ಕಥೆ ಮಡಿಯ ಮೇಲೆ ನಿಂತಿತ್ತು, ನನ್ನ ವಾದ ಆ ಮಡಿಯ ವಿರುದ್ಧ ನಿಂತಿತ್ತು. ಎರಡೂ ಒಂದೇ ಚರ್ಮದ ಮೇಲೆ ಕೂತಿದ್ದವು. ದಾರಿ ಬೇಗ ಸಾಗಿಸುವುದಕ್ಕೆಂದೇ ಆ ದೇಶದವರು ಅಷ್ಟು ಜಾಣತನ ಖರ್ಚು ಮಾಡಿ ಕಾರು ಮಾಡಿದ್ದಾರೆ. ದಾರಿಯ ಉದ್ದದಿಂದಲೇ ಒಬ್ಬ ಹೆಂಗಸಿಗೆ ರಜೆ ಸಿಗುತ್ತಿತ್ತು ಎಂಬುದು ಅವರಿಗೆ ಗೊತ್ತಿರಬೇಕಾಗಿಲ್ಲ. ನಮಗೆ ಗೊತ್ತಿರಬೇಕಿತ್ತು.

ನಿನ್ನೆ ಸಂಜೆ ದೊಡ್ಡಪ್ಪ ಕಾರಿನ ಕೊಟ್ಟಿಗೆಯಲ್ಲಿ, ತಮ್ಮ ಕೈಯಾರೆ, ಸೀಟಿನ ಕಂಬಳಿಯ ಧೂಳು ಕೊಡವುತ್ತಿದ್ದರು. ಪಂಚಮಿಗೆ ಇನ್ನು ಹೆಚ್ಚು ದಿನವಿಲ್ಲ. ಚರ್ಮದ ಮಾತು ಬಿಡಿ, ಅವಳಿಗೆ ಬೇಕಿರುವುದು ಹುಣ್ಣಿಮೆಯ ತನಕದ ದಿನಗಳು ಎಂದು ನಾನು ನೇರವಾಗಿ ಹೇಳಿದೆ. ಅವರು ಆಶ್ಚರ್ಯಪಡುತ್ತಾರೆ ಎಂದುಕೊಂಡಿದ್ದೆ. ಪಡಲಿಲ್ಲ. ಕಂಬಳಿಯನ್ನು ಮಡಿಸಿ ತೋಳ ಮೇಲೆ ಹಾಕಿಕೊಂಡು, ಬಾಗಿಲಿಗೆ ಒರಗಿ ನಿಂತರು.

“ಗೊತ್ತು ಕಣೋ. ಅದಕ್ಕೇ ಕಾರು ತಂದಿದ್ದು,” ಎಂದರು. “ಅವಳು ಹೋದ್ಳು ಅಂದ್ರೆ ಹುಣ್ಣಿಮೆ ತಂಕ ಬರಲ್ಲ. ಅಷ್ಟು ದಿನ ಈ ಮನ್ಯಾಗೆ ಮಾತಾಡೋರು ಯಾರು? ಗುಮಾಸ್ತ್ರು ಹೂಂ ಅಂತಾರೆ, ಆಳುಗಳು ಹೂಂ ಅಂತಾರೆ. ಬೈಯೋಕೆ ಒಬ್ರು ಬೇಕಲ್ಲ. ಮೈಸೂರಾಗಿರೋನು ನೀನು, ನಿಂಗೇನು ತಿಳೀತದೆ.”

ಇಷ್ಟು ದಿನ ನಾನು ಯಾರ ಪರ ವಾದಿಸುತ್ತಿದ್ದೆ ಎಂಬುದು ನನಗೆ ಆಗ ಗೊತ್ತಾಯಿತು. ಗಂಡನಿಗೆ ನೋವಾಗಬಾರದೆಂದು ಆಕೆ ಚರ್ಮ ಎಂದಳು. ಹೆಂಡತಿ ಬೇಗ ಬರಲೆಂದು ಇವರು ಇಂಗ್ಲೆಂಡಿನಿಂದ ಬಂದದ್ದನ್ನು ಮನೆಗೆ ತಂದರು. ಇಬ್ಬರ ಪಕ್ಷವೂ ಸರಿ; ಚರ್ಚಾಕೂಟದಲ್ಲಿ ಇಂಥ ವಿಷಯವನ್ನು ಇಡುವುದೇ ಇಲ್ಲ. ವಾದದ ಮೇಲೆ ನನಗಿದ್ದ ಆಸೆ ಅರ್ಧಕ್ಕರ್ಧ ಅಲ್ಲೇ ಇಳಿದುಹೋಯಿತು. ಉಳಿದರ್ಧ ಆಸೆಯಿಂದ ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. ಅವರು ಕಂಬಳಿಯನ್ನು ಬಿಚ್ಚಿ ಮತ್ತೆ ಮಡಿಸಿದರು. ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗಲೂ ನನ್ನ ಮುಖ ನೋಡಲಿಲ್ಲ. ಹುಸೇನ್ ಸಾಬಿ ಬಂದು, “ಪಂಚಮಿಗೆ ಗಾಡಿ ತಯಾರು ಮಾಡಲಾ?” ಎಂದದ್ದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಕೇಳಿದ್ದು ಇಷ್ಟೇ:

“ದೊಡ್ಡಪ್ಪ, ಅವಳನ್ನ ದೇವಸಮುದ್ರದಾಗೆ ಇಳಿಸಿ, ಹುಣ್ಣಿಮೆ ತಂಕ ಅಲ್ಲೇ ಬಿಟ್ಟು, ಕಾರಿನಾಗೆ ನೀವೊಬ್ರೇ ವಾಪಸು ಬರ್ತೀರಾ?”